ಮನೆ ಓನರ್‌ದು, ಬಚ್ಚಲು ನಮ್ಮದು

(ಅಂಗವಿಕಲರು ಮತ್ತು ಅವರ ಮನೆಯವರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬಾಡಿಗೆ ಮನೆ ನೋಡೋಕೆ ಹೋದಾಗ ನಾವು ಏನೇನು ಕೇಳುತ್ತೇವೆ? ಕಾವೇರಿ ನೀರು ಬರುತ್ತಾ, ಬರೀ ಬೋರಾ? ಅಡ್ವಾನ್ಸ್ ಎಷ್ಟು? ಗಾಡಿ ನಿಲ್ಲಿಸೋಕೆ ಜಾಗ ಇದೆಯಾ? ಬಾತ್‌ರೂಂ ಬಾಗಿಲು ಎಷ್ಟು ಇಂಚು ಅಗಲ ಅಂತ ಕೇಳಿದವರನ್ನು ಯಾವ ಬ್ರೋಕರ್ ಕೂಡ ನೋಡಿರಲಾರ. ಮನೆಯಲ್ಲಿ ಗಾಲಿಕುರ್ಚಿ ಬಳಸುವವರಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆ ಅದೇ. ಕೇಳುವುದೂ ಬೇಡ. ಜೇಬಿನಲ್ಲಿ ಒಂದು ಟೇಪು ಇಟ್ಟುಕೊಂಡು ಹೋಗಿ, ನೀವೇ ಅಳೆಯಿರಿ.

ಅಳೆದರೆ ಸಾಮಾನ್ಯವಾಗಿ ಸಿಗುವುದು ಇದು. ನಮ್ಮ ಬಡಾವಣೆಗಳ ಮನೆಗಳಲ್ಲಿ ಬಾತ್‌ರೂಂ ಬಾಗಿಲನ್ನು ಎರಡೂವರೆ ಅಡಿಯದ್ದು ಅನ್ನುತ್ತಾರೆ. ಅದು ಚೌಕಟ್ಟಿನ ಹೊರಗಿನ ಅಳತೆ. ಎರಡು ಕಡೆಯ ಚೌಕಟ್ಟು ಕಳೆದರೆ 26 ಇಂಚು. ಬಾಗಿಲನ್ನು ಪೂರ್ತಿ ತೆರೆದರೂ ಅದರ ದಪ್ಪ ಇನ್ನೊಂದೂಕಾಲು ಇಂಚು ತಿನ್ನುತ್ತದೆ. ಮಾಮೂಲಿ ಮಡಚುವ ಗಾಲಿಕುರ್ಚಿಯ ಅಗಲ 24ರಿಂದ 26 ಇಂಚು. ಜೊತೆಗೆ ಚಕ್ರ ತಳ್ಳುವ ಕೈಗಳಿಗೆ ಜಾಗ ಬೇಕು. ಕೇಂದ್ರ ಸರ್ಕಾರ 2021ರಲ್ಲಿ ಹೊರತಂದ ಮಾರ್ಗಸೂಚಿ ಬಾಗಿಲಿಗೆ 900 ಮಿಲಿಮೀಟರ್ ಕೇಳುತ್ತದೆ, ಅಂದರೆ ಮೂರಡಿ. ಕುರ್ಚಿ ಒಂದು ಸುತ್ತು ತಿರುಗೋಕೆ 1500 ಮಿಲಿಮೀಟರ್, ಅಂದರೆ ಐದಡಿ ಬಯಲು ಬೇಕು. ನಮ್ಮ ಬಾತ್‌ರೂಂನ ಅಗಲವೇ ನಾಲ್ಕಡಿ!

ಸ್ವಂತ ಮನೆಯಾದರೆ ಮೇಸ್ತ್ರಿ ಕರೆದು ಗೋಡೆ ಒಡೆಸಬಹುದು. ಬಾಡಿಗೆ ಮನೆಯಲ್ಲಿ ಓನರ್ ಒಪ್ಪಲ್ಲ. ಒಪ್ಪಿದರೂ ಲೆಕ್ಕ ಕೂಡಲ್ಲ. ಕರಾರು ಹನ್ನೊಂದು ತಿಂಗಳಿನದು. ಸಾಲ ಮಾಡಿ ಬಾತ್‌ರೂಂ ಸರಿ ಮಾಡಿಸಿದ ಮೇಲೆ ‘ಮಗಳ ಮದುವೆ ಆಯ್ತು, ಮನೆ ಬೇಕಿತ್ತು’ ಅಂದರೆ ಆ ದುಡ್ಡು ಗೋಡೆಯೊಳಗೇ ಉಳಿಯುತ್ತದೆ. ಮನೆಮನೆಗೆ ಹೋಗಿ ಇಂಥದ್ದನ್ನೆಲ್ಲ ನೋಡುವುದು ನನ್ನ ಕೆಲಸ, ನಾನು ಆಕ್ಯುಪೇಶನಲ್ ಥೆರಪಿಸ್ಟ್. ಬಾಡಿಗೆದಾರರಿಗೆ ನಾನು ಹೇಳುವುದು ಒಂದೇ ಮಾತು. ಗೋಡೆಗೆ ದುಡ್ಡು ಹಾಕಬೇಡಿ. ಲಾರಿ ಹತ್ತುವಂಥ ವಸ್ತುವಿಗೆ ಹಾಕಿ. ಬಿಚ್ಚೋಕೆ ಬರಬೇಕು, ಮುಂದಿನ ಮನೆಯಲ್ಲಿ ಕೂರಿಸೋಕೆ ಬರಬೇಕು.

ತಾತ್ಕಾಲಿಕ ಅಂದ ತಕ್ಷಣ ಕೆಲವರ ಮುಖ ಸಣ್ಣದಾಗುತ್ತದೆ, ಏನೋ ಅರೆಬರೆ ಕೆಲಸ ಅಂತ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ, ಎಲ್ಲ ದೇಶಗಳಲ್ಲೂ ಜನರಿಗೆ ಸಿಗಲೇಬೇಕು ಅಂತ 50 ಸಾಧನಗಳ ಪಟ್ಟಿ ಮಾಡಿತು. ಸ್ನಾನಕ್ಕೆ, ಶೌಚಕ್ಕೆ ಬಳಸುವ ಕುರ್ಚಿ ಅದರಲ್ಲಿದೆ. ಹಿಡಿಕೆ ಇದೆ. ಎತ್ತಿಡುವ ರ‍್ಯಾಂಪ್ ಇದೆ. ಕನ್ನಡಕ ಮತ್ತು ಕಿವಿಯ ಮೆಷಿನ್ ಇರುವ ಪಟ್ಟಿಯಲ್ಲೇ ಇವೂ ಇವೆ. ಕನ್ನಡಕವನ್ನು ಯಾರೂ ಅರೆಬರೆ ಪರಿಹಾರ ಅನ್ನಲ್ಲ ಅಲ್ವಾ?

ಇನ್ನು ಬಾಗಿಲಿನ ವಿಷಯ. ಮೊದಲ ಉಪಾಯಕ್ಕೆ ಖರ್ಚೇ ಇಲ್ಲ. ಬಾಗಿಲನ್ನು ಹಿಂಜ್‌ನಿಂದ ಬಿಚ್ಚಿ, ಬಟ್ಟೆ ಸುತ್ತಿ ಮಂಚದ ಕೆಳಗೆ ಇಡಿ. ಸ್ಕ್ರೂಗಳನ್ನು ಒಂದು ಕವರಿಗೆ ಹಾಕಿ ಬಾಗಿಲಿಗೇ ಅಂಟಿಸಿ. ಬಾಗಿಲಿದ್ದ ಜಾಗಕ್ಕೆ ದಪ್ಪ ಪ್ಲಾಸ್ಟಿಕ್ ಪರದೆ ಹಾಕಿ. ಸ್ಪ್ರಿಂಗ್ ಇರುವ ಸಲಾಕೆ ಸಿಗುತ್ತದೆ, ಚೌಕಟ್ಟಿನ ನಡುವೆ ಒತ್ತಿ ನಿಲ್ಲಿಸಬಹುದು. ಮೊಳೆ ಬೇಡ. ಇಷ್ಟಕ್ಕೇ ಒಂದು ಇಂಚಿಗಿಂತ ಜಾಸ್ತಿ ಜಾಗ ಸಿಕ್ಕಿತು. ಇನ್ನೊಂದು ಲಾಭವೂ ಇದೆ. ನಮ್ಮಲ್ಲಿ ಬಾತ್‌ರೂಂ ಬಾಗಿಲುಗಳು ಒಳಗೆ ತೆರೆಯುತ್ತವೆ. ಒಳಗಿದ್ದವರು ಜಾರಿ ಬಾಗಿಲಿಗೆ ಅಡ್ಡ ಬಿದ್ದರೆ ಹೊರಗಿನವರು ತಳ್ಳೋಕೆ ಆಗಲ್ಲ. ಬಾಗಿಲು ಒಡೆದು ಎತ್ತಿದ ಮನೆಗಳಿವೆ.

ಮರ್ಯಾದೆಯ ಪ್ರಶ್ನೆ ಬರುತ್ತದೆ, ಗೊತ್ತು. ಮನೆ ತುಂಬ ಜನ, ಬಾತ್‌ರೂಂ ಇರುವುದು ಹಾಲ್ ಪಕ್ಕ, ಪರದೆ ಹೇಗೆ ಸಾಕು? ವಯಸ್ಸಿಗೆ ಬಂದ ಹುಡುಗಿ ಇದ್ದರೆ ಇದು ಸಣ್ಣ ಮಾತಲ್ಲ. ಅಂಥ ಕಡೆ ಬಾಗಿಲನ್ನು ಹೊರಗೆ ತೆರೆಯುವ ಹಾಗೆ ತಿರುಗಿಸಿ ಕೂರಿಸಬಹುದು. ಇಲ್ಲವೇ ಚೌಕಟ್ಟಿನ ದಾರಿಯಿಂದ ಬಾಗಿಲನ್ನು ಪೂರ್ತಿ ಆಚೆ ಸರಿಸುವ ಹಿಂಜ್‌ಗಳಿವೆ, ಅವನ್ನು ಹಾಕಿಸಬಹುದು. ಎರಡಕ್ಕೂ ಓನರ್‌ಗೆ ಒಂದು ಮಾತು ಹೇಳಿ. ಒಳಗಿನ ಚಿಲಕ ಮಾತ್ರ ಬೇಡ. ಹೊರಗೆ ಒಂದು ಕೆಂಪು ರಿಬ್ಬನ್ ನೇತುಹಾಕಿ. ರಿಬ್ಬನ್ ಇದ್ದರೆ ಒಳಗೆ ಜನ ಇದ್ದಾರೆ ಅಂತ ಮನೆಯ ಮಕ್ಕಳೂ ಬೇಗ ಕಲಿಯುತ್ತಾರೆ.

ಬಾಗಿಲು ದಾಟಿದ ಮೇಲೆ ಗಾಲಿಕುರ್ಚಿಯನ್ನು ಒಳಗೆ ತರುವ ಆಸೆ ಬಿಡಿ. ನಾಲ್ಕಡಿಯಲ್ಲಿ ಅದು ತಿರುಗಲ್ಲ. ಬಾತ್‌ರೂಂಗೇ ಬೇರೆ ಕುರ್ಚಿ ಬೇಕು. ಕೂರುವ ಕಡೆ ತೂತು ಇರುವ, ನಾಲ್ಕು ಸಣ್ಣ ಚಕ್ರಗಳ, ತುಕ್ಕು ಹಿಡಿಯದ ಕಮೋಡ್ ಚೇರ್. ದೊಡ್ಡ ಚಕ್ರ ಇಲ್ಲದ್ದರಿಂದ ಇದರ ಅಗಲ 20-22 ಇಂಚಿಗೆ ಇಳಿಯುತ್ತದೆ, ಹಾಗಾಗಿ ಆ ಬಾಗಿಲಲ್ಲಿ ತೂರುತ್ತದೆ. ಮಂಚದ ಪಕ್ಕದಲ್ಲೇ ಇದಕ್ಕೆ ದಾಟಿಸಿ, ಹಿಮ್ಮುಖವಾಗಿ ಎಳೆದುಕೊಂಡು ಹೋಗಿ ನೇರವಾಗಿ ಕಮೋಡಿನ ಮೇಲೆ ನಿಲ್ಲಿಸುವುದು. ಶೌಚ ಮುಗಿಸಿ ಒಂದಡಿ ಮುಂದೆ ಎಳೆದರೆ ಸ್ನಾನದ ಜಾಗ. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ, ದಾಟಿಸುವ ಕೆಲಸ ಎರಡೇ ಸಲ. ದಿನವೂ ಎತ್ತಿ ಇಳಿಸುವ ಅಮ್ಮನ ಸೊಂಟಕ್ಕೆ, ಹೆಂಡತಿಯ ಸೊಂಟಕ್ಕೆ ಇದು ಎಷ್ಟು ದೊಡ್ಡ ವಿಷಯ ಅಂತ ನಿಮಗೇ ಗೊತ್ತು.

ಕೊಳ್ಳುವ ಮುಂಚೆ ಒಂದು ಅಳತೆ ತಪ್ಪದೆ ತೆಗೆದುಕೊಳ್ಳಿ. ನಿಮ್ಮ ಮನೆಯ ಕಮೋಡ್, ಅದರ ಸೀಟಿನ ಸಮೇತ ನೆಲದಿಂದ ಎಷ್ಟು ಎತ್ತರ? ಹೆಚ್ಚಾಗಿ 16-17 ಇಂಚು ಇರುತ್ತದೆ. ಕುರ್ಚಿಯ ಕೆಳಗಿನ ಪಟ್ಟಿ ಅದಕ್ಕಿಂತ ಮೇಲಿರಬೇಕು. ಹಿಂಭಾಗದಲ್ಲಿ ಅಡ್ಡ ಸಲಾಕೆ ಇರಬಾರದು, ಇದ್ದರೆ ಕಮೋಡಿಗೆ ತಾಗಿ ನಿಲ್ಲುತ್ತದೆ. ಸರ್ಜಿಕಲ್ ಅಂಗಡಿಯವರು ‘ಎಲ್ಲಾದಕ್ಕೂ ಆಗುತ್ತೆ ತಗೊಳಿ ಸಾರ್’ ಅನ್ನುತ್ತಾರೆ. ಆಗಲ್ಲ.

ಕಮೋಡ್ ಬಾಗಿಲಿಗೆ ಎದುರಾಗಿದ್ದರೆ ಈ ಹಿಮ್ಮುಖ ಉಪಾಯ ಸಲೀಸು. ಪಕ್ಕದ ಗೋಡೆಗೆ ಅಂಟಿಕೊಂಡಿದ್ದರೆ ಒಳಗೆ ಹೋಗಿ ತಿರುಗಬೇಕಾಗುತ್ತದೆ, ತಿರುಗೋಕೆ ಜಾಗ ಇಲ್ಲ. ಆಗ ಕುರ್ಚಿಯ ಕೆಳಗೆ ಸಿಕ್ಕಿಸುವ ಪಾತ್ರೆಯೇ ಗತಿ. ಮುಗಿದ ಮೇಲೆ ಅದನ್ನು ಕಮೋಡಿಗೆ ಸುರಿದು ತೊಳೆಯುವುದು. ಇಷ್ಟವಾಗದಿದ್ದರೂ ಕೆಲಸ ಆಗುತ್ತದೆ. ಮನೆ ಆರಿಸುವ ಹಂತದಲ್ಲೇ ಇದನ್ನು ನೋಡಿಕೊಂಡರೆ ಆ ತಾಪತ್ರಯವೂ ಇರಲ್ಲ.

ಹೊಸ್ತಿಲು ಇನ್ನೊಂದು ತಲೆನೋವು. ಬಾತ್‌ರೂಂ ನೀರು ಆಚೆ ಬರದಿರಲಿ ಅಂತ ಎರಡು ಮೂರು ಇಂಚಿನ ಗ್ರಾನೈಟ್ ಪಟ್ಟಿ ಕೂರಿಸಿರುತ್ತಾರೆ. ರ‍್ಯಾಂಪಿನ ಲೆಕ್ಕ ಒಂದಕ್ಕೆ ಹನ್ನೆರಡು. ಮೂರು ಇಂಚು ಏರೋಕೆ ಮೂರಡಿ ಉದ್ದ. ಹೊರಗಿನ ಓಣಿಯಲ್ಲಿ ಮೂರಡಿ ಸಿಗಬಹುದು. ಒಳಗೆ ಎಲ್ಲಿದೆ? ಅದಕ್ಕೇ ಒಳಗೆ ಇಳಿಜಾರು ಮಾಡೋದು ಬಿಟ್ಟು ನೆಲವನ್ನೇ ಎತ್ತಬೇಕು. ಒಂದಕ್ಕೊಂದು ಸಿಕ್ಕಿಸುವ, ತೂತು ತೂತಾದ ಪ್ಲಾಸ್ಟಿಕ್ ಹಲಗೆಗಳು ಸಿಗುತ್ತವೆ. ಸುಮ್ನೆ ನೆಲದ ಮೇಲೆ ಹರಡುವುದು. ನೀರು ಅದರ ಕೆಳಗೆ ಹರಿದು ಜಾಲರಿಗೆ ಹೋಗುತ್ತದೆ, ಮೇಲೆ ಕಾಲಿಡುವ ಜಾಗ ಹೊಸ್ತಿಲಿನ ಸಮಕ್ಕೆ ಬರುತ್ತದೆ. ತೂತು ಸಣ್ಣದಿರಲಿ. ದೊಡ್ಡದಾದರೆ ಕುರ್ಚಿಯ ಗಾಲಿ ಸಿಕ್ಕಿಕೊಳ್ಳುತ್ತದೆ. ವಾರಕ್ಕೊಮ್ಮೆ ಎತ್ತಿ ಕೆಳಗೆ ಉಜ್ಜಲೇಬೇಕು, ಇಲ್ಲದಿದ್ದರೆ ಲೋಳೆ ಕಟ್ಟಿ ವಾಸನೆ. ಹೊರಗಡೆಗೆ ನೀರು ತಡೆಯುವ ಪ್ಲೈವುಡ್ಡಿನಲ್ಲಿ ಒಂದು ಇಳಿಜಾರು ಹಲಗೆ ಮಾಡಿಸಿ, ಮೇಲೆ ಜಾರದ ಟೇಪು ಅಂಟಿಸಿ. ಬಡಗಿಗೆ ಅರ್ಧ ದಿನದ ಕೆಲಸ. ದೃಷ್ಟಿ ಮಂದ ಇರುವವರಿದ್ದರೆ ಆ ಟೇಪು ಹಳದಿಯದಾಗಿರಲಿ, ಅಂಚು ಎದ್ದು ಕಾಣುತ್ತದೆ.

ಈಗ ಹಿಡಿಕೆಗಳು. ಇಲ್ಲಿ ನಾನು ಸ್ವಲ್ಪ ಜಗಳಗಂಟಿ. ಆನ್‌ಲೈನ್‌ನಲ್ಲಿ ರಬ್ಬರ್ ಬಟ್ಟಲಿನ ಹಿಡಿಕೆ ಸಿಗುತ್ತದೆ. ಗೋಡೆಗೆ ಒತ್ತಿ ಎರಡು ಗುಂಡಿ ಅದುಮಿದರೆ ಅಂಟಿಕೊಳ್ಳುತ್ತದೆ. ಡ್ರಿಲ್ ಬೇಡ, ಓನರ್‌ಗೆ ಗೊತ್ತೂ ಆಗಲ್ಲ. ಬಾಡಿಗೆ ಮನೆಗೆ ಹೇಳಿ ಮಾಡಿಸಿದ ಹಾಗೆ ಕಾಣುತ್ತದೆ. ಆದರೆ ನಿಂತವರು ಸಮತೋಲಕ್ಕೆ ಬೆರಳು ತಾಗಿಸೋಕೆ ಮಾತ್ರ ಅದು ಸರಿ. ಮೈಭಾರ ಹಾಕಿ ಏಳುವವರಿಗೆ ಅಲ್ಲ. ಬಟ್ಟಲಿನ ಅಡಿ ಟೈಲ್‌ಗಳ ಸಂದು ಬಂದರೆ ಗಾಳಿ ನುಗ್ಗುತ್ತದೆ. ಒರಟು ಟೈಲ್ ಆದರೂ ಅಷ್ಟೇ. ಬೋರ್ ನೀರಿನ ಮನೆಗಳಲ್ಲಿ ಗೋಡೆಯ ಮೇಲೆ ಬಿಳಿ ಉಪ್ಪಿನ ಪದರ ಕಟ್ಟಿರುತ್ತದೆ, ಅಲ್ಲಂತೂ ಇಂದು ಹಿಡಿದದ್ದು ನಾಳೆ ಬಿಡುತ್ತದೆ. ಬಿಡುವ ಮುಂಚೆ ಅದು ಹೇಳಿ ಬಿಡಲ್ಲ. ನಂಬಿ ಎಳೆದ ಕ್ಷಣವೇ ಕಳಚುತ್ತದೆ.

ಗೋಡೆ ಮುಟ್ಟಬಾರದು ಅಂತಿದ್ದರೆ ನೆಲದ ಮೇಲೆ ನಿಲ್ಲುವ ಚೌಕಟ್ಟು ತನ್ನಿ. ಕಮೋಡಿನ ಸೀಟು ಕೂರಿಸಿರುವ ಎರಡು ಬೋಲ್ಟ್ ಇರುತ್ತವಲ್ಲ, ಅದೇ ತೂತುಗಳಿಗೆ ಬಿಗಿಯುವ ಚೌಕಟ್ಟುಗಳಿವೆ. ಎರಡು ಕಡೆ ತೋಳು, ಕೆಳಗೆ ಕಾಲು. ಭಾರ ನೆಲಕ್ಕೆ ಹೋಗುತ್ತದೆ. ಖಾಲಿ ಮಾಡುವಾಗ ಬೋಲ್ಟ್ ಸಡಿಲಿಸಿ ಎತ್ತಿಕೊಂಡು ಹೋಗಬಹುದು. ಚೌಕಟ್ಟು ಸಾಲದು, ಗೋಡೆಗೇ ಹಿಡಿಕೆ ಬೇಕು ಅನ್ನುವವರಿಗೆ ಡ್ರಿಲ್ ಮಾಡಿಸಲೇಬೇಕು. ಓನರ್ ಹತ್ತಿರ ಕೇಳಿ ಮಾಡಿಸಿ. ಹೇಗೆ ಕೇಳುವುದು ಅಂತ ಆಮೇಲೆ ಹೇಳುತ್ತೇನೆ. ಗೋಡೆ ಗಟ್ಟಿ ಬ್ಲಾಕಿನದಾ, ಟೊಳ್ಳು ಬ್ಲಾಕಿನದಾ ಅಂತ ಮೊದಲು ತಿಳಿದುಕೊಳ್ಳಿ. ಟೊಳ್ಳಾದರೆ, ಸ್ಕ್ರೂ ಹಿಡಿಯಲಿ ಅಂತ ತೂತಿನೊಳಗೆ ತೂರಿಸುವ ಮಾಮೂಲಿ ಪ್ಲಾಸ್ಟಿಕ್ ಗಿಟಕು ನಿಲ್ಲಲ್ಲ. ಗೋಡೆಯ ಆಚೆ ಬದಿಗೆ ಒಂದು ಕಬ್ಬಿಣದ ತಟ್ಟೆ ಇಟ್ಟು ಆರಪಾರ ಬೋಲ್ಟ್ ಹಾಕಬೇಕು.

ಪಾರ್ಶ್ವವಾಯು ಆದವರ ಮನೆಯಲ್ಲಿ ಒಂದು ವಿಷಯ ಮರೆಯುತ್ತಾರೆ. ಎಡಗೈ ಬಿದ್ದುಹೋದವರಿಗೆ ಬಲಗಡೆ ಹಿಡಿಕೆ ಹಾಕಿಸುತ್ತಾರೆ. ಒಳಗೆ ಹೋಗುವಾಗ ಸರಿ. ಹೊರಗೆ ಬರುವಾಗ ಅವರ ಬಲಗೈ ಇನ್ನೊಂದು ಗೋಡೆಯ ಕಡೆ ಇರುತ್ತದೆ. ಬಾಗಿಲ ಹತ್ತಿರ ಎರಡೂ ಕಡೆ ಬೇಕು.

ಬೆನ್ನುಹುರಿಗೆ ಪೆಟ್ಟಾದವರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಇದನ್ನು ಸಭೆಯಲ್ಲಿ ಯಾರೂ ಮಾತಾಡಲ್ಲ. ಅವರಿಗೆ ಶೌಚ ಅಂದರೆ ಐದು ನಿಮಿಷದ ಕೆಲಸ ಅಲ್ಲ. ಔಷಧ ಇಟ್ಟು, ಕಾದು, ಕೈಯಿಂದ ಪ್ರಚೋದಿಸಿ, ಮತ್ತೆ ಕಾದು, ಅರ್ಧ ಗಂಟೆ, ಒಂದು ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತು ಗಟ್ಟಿ ಪ್ಲಾಸ್ಟಿಕ್ ಅಂಚಿನ ಮೇಲೆ ಕೂತರೆ, ನೋವು ಗೊತ್ತಾಗದ ಚರ್ಮದಲ್ಲಿ ಒತ್ತಡದ ಹುಣ್ಣು ಶುರುವಾಗುತ್ತದೆ. ಆ ಹುಣ್ಣು ಒಣಗೋಕೆ ತಿಂಗಳುಗಟ್ಟಲೆ ಮಂಚ ಹಿಡಿಯಬೇಕು. ಆದ್ದರಿಂದ ಇವರ ಕುರ್ಚಿಗೆ ಮೆತ್ತೆಯ ಸೀಟು ಅಲಂಕಾರ ಅಲ್ಲ, ಅಗತ್ಯ. ಮೆತ್ತೆ ಹರಿದರೆ ಅವತ್ತೇ ಬದಲಿಸಿ. ಬಿಸಿನೀರೂ ಹಾಗೆಯೇ. ಕಾಲಿಗೆ ಸ್ಪರ್ಶ ಇಲ್ಲದವರು ಕಾಲಿನ ಮೇಲೆ ನೀರು ಸುರಿದು ಹದ ನೋಡುವ ಹಾಗಿಲ್ಲ. ಬೊಬ್ಬೆ ಎದ್ದ ಮೇಲೆ ಗೊತ್ತಾಗುತ್ತದೆ. ಮೊದಲು ತಣ್ಣೀರು ಹಿಡಿದು ಆಮೇಲೆ ಬಿಸಿನೀರು ಬೆರೆಸಿ. ಸ್ಪರ್ಶ ಇರುವ ಮೊಣಕೈಯಿಂದ ನೋಡಿ. ಗೀಸರಿನ ಗುಂಡಿ ತಿರುಗಿಸಿ ಬಿಸಿ ಇಳಿಸಿ, ಅದಕ್ಕೇನು ಓನರ್ ಅಪ್ಪಣೆ ಬೇಡ.

ಬಕೆಟ್ ನೆಲದಲ್ಲಿದ್ದರೆ ಕುರ್ಚಿಯಲ್ಲಿ ಕೂತವರು ಬಗ್ಗಬೇಕು. ಬಗ್ಗಿದಾಗಲೇ ಮುಗ್ಗರಿಸುತ್ತಾರೆ. ಬಕೆಟನ್ನು ಒಂದು ಗಟ್ಟಿ ಸ್ಟೂಲಿನ ಮೇಲೆ, ತೊಡೆಯ ಎತ್ತರಕ್ಕೆ ಇಡಿ. ಇನ್ನೂ ಒಳ್ಳೆಯದು, ಇರುವ ನಲ್ಲಿಗೇ ಸಿಕ್ಕಿಸುವ ಉದ್ದ ಪೈಪಿನ ಹ್ಯಾಂಡ್ ಶವರ್. ಬಿಚ್ಚಿಕೊಂಡು ಹೋಗಬಹುದು. ಕರೆಗಂಟೆಯನ್ನು ಮಾತ್ರ ಮೇಲೆ ಅಂಟಿಸಬೇಡಿ. ವೈರ್ ಇಲ್ಲದ ಬೆಲ್ಲಿನ ಗುಂಡಿಯನ್ನು ನೆಲದಿಂದ ಒಂದಡಿ ಎತ್ತರದಲ್ಲಿ ಅಂಟಿಸಿ. ಬಿದ್ದವರ ಕೈಗೆ ಸಿಗಬೇಕಾದದ್ದು ಅದು.

ಎಲ್ಲರಿಗೂ ಕುರ್ಚಿ ಬೇಕು ಅಂತಲೂ ಇಲ್ಲ. ಪೋಲಿಯೊ ಆದ ಎಷ್ಟೋ ಜನ ಮನೆಯೊಳಗೆ ನೆಲದ ಮೇಲೆ ಕೈಯೂರಿ ಸರಿದೇ ಓಡಾಡುತ್ತಾರೆ. ಅವರಿಗೆ ಎತ್ತರದ ಕಮೋಡೇ ತೊಂದರೆ. ಬೇಕಾದ್ದು ಒರಟಲ್ಲದ, ಒಣಗಿದ, ಚೊಕ್ಕ ನೆಲ. ಕೈಗೆ ಸಿಗುವ ನಲ್ಲಿ. ಕಮೋಡಿಗೆ ಏರೋಕೆ ನಡುವೆ ಒಂದು ಅರ್ಧ ಎತ್ತರದ ಮಣೆ. ಆದರೆ ಆ ತಲೆಮಾರಿಗೆ ಈಗ ವಯಸ್ಸಾಗುತ್ತಿದೆ, ಇಷ್ಟು ವರ್ಷ ಮೈ ಹೊತ್ತ ಭುಜಗಳು ನೋಯುತ್ತಿವೆ. ಇವತ್ತು ಆಗುವುದು ಐದು ವರ್ಷದ ನಂತರ ಆಗದಿರಬಹುದು. ವಸ್ತು ಕೊಳ್ಳುವಾಗ ಅದನ್ನೂ ಯೋಚಿಸಿ.

ನಮ್ಮ ಬೆಂಗಳೂರಿನ ಮನೆಗಳಲ್ಲಿ ಒಂದು ಗುಟ್ಟಿನ ಜಾಗ ಇದೆ. ಅಡುಗೆಮನೆಯ ಹಿಂದಿನ ಯುಟಿಲಿಟಿ. ಪಾತ್ರೆ ತೊಳೆಯೋಕೆ, ವಾಷಿಂಗ್ ಮೆಷಿನ್ ಇಡೋಕೆ ಮಾಡಿದ್ದು. ಅಲ್ಲಿ ನಲ್ಲಿ ಇರುತ್ತದೆ, ನೀರು ಹೋಗುವ ಜಾಲರಿ ಇರುತ್ತದೆ. ಬಾಗಿಲು ಎಷ್ಟೋ ಕಡೆ ಬಾತ್‌ರೂಂ ಬಾಗಿಲಿಗಿಂತ ಅಗಲ. ಬಾತ್‌ರೂಂ ಏನು ಮಾಡಿದರೂ ಒಗ್ಗದ ಮನೆಗಳಲ್ಲಿ ಸ್ನಾನವನ್ನು ಅಲ್ಲಿಗೆ ಸಾಗಿಸಿ ನೋಡಿ. ಗ್ರಿಲ್ಲಿಗೆ ಒಳಗಡೆಯಿಂದ ದಪ್ಪ ಪರದೆ, ಮೇಲೆ ಹೇಳಿದ ಪ್ಲಾಸ್ಟಿಕ್ ನೆಲ, ಕುರ್ಚಿ. ಮೆಷಿನ್ನಿನ ಪ್ಲಗ್ಗು ಕಿತ್ತು, ನೀರು ಸಿಡಿಯದ ಹಾಗೆ ನೋಡಿಕೊಳ್ಳಿ. ಅಡುಗೆಮನೆ ದಾಟಿ ಸ್ನಾನಕ್ಕಾ ಅಂತ ಹಿರಿಯರು ಗೊಣಗಬಹುದು. ಗೊಣಗಲಿ. ಹಳೇ ಮನೆಗಳಲ್ಲೂ ಬಚ್ಚಲು ಅಡುಗೆಮನೆಯ ಹಿಂದೆಯೇ ಇರುತ್ತಿತ್ತು.

ಇನ್ನು ಓನರ್, ಮತ್ತು ಕಾನೂನು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಒಳ್ಳೆಯ ಕಾಯ್ದೆ. 2024ರ ನವೆಂಬರಿನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸುಗಮ ಓಡಾಟದ ನಿಯಮಗಳು ಬರೀ ಸಲಹೆಯಾಗಿದ್ದರೆ ಸಾಲದು, ಕಡ್ಡಾಯ ಮಾಡಿ ಅಂತ ಸರ್ಕಾರಕ್ಕೆ ಹೇಳಿತು. ಆದರೆ ಅದೆಲ್ಲ ಹೆಚ್ಚಾಗಿ ಸಾರ್ವಜನಿಕ ಜಾಗಗಳ ಮಾತು. ಮೇಲಿನ ಮಹಡಿ ಬಾಡಿಗೆಗೆ ಕೊಟ್ಟ ಸಾಮಾನ್ಯ ಮನೆಯೊಡೆಯ ನಿಮ್ಮ ಬಾತ್‌ರೂಂ ಸರಿ ಮಾಡಿಕೊಡಲೇಬೇಕು ಅಂತ ಆ ಕಾಯ್ದೆ ನೇರವಾಗಿ ಹೇಳಲ್ಲ.

ನಮಗೆ ಕೈ ಕೊಡುವುದು ತುಂಬ ಹಳೆಯ ಇನ್ನೊಂದು ಕಾಯ್ದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್. ಬಾಡಿಗೆದಾರ ಓನರ್ ಒಪ್ಪಿಗೆ ಇಲ್ಲದೆ ಶಾಶ್ವತ ಕಟ್ಟಡ ಕಟ್ಟುವ ಹಾಗಿಲ್ಲ ಅನ್ನುತ್ತದೆ. ಹಾಗೆಯೇ, ತಾನು ಕೂರಿಸಿದ ವಸ್ತುಗಳನ್ನು ಬಿಚ್ಚಿಕೊಂಡು ಹೋಗಬಹುದು, ಮನೆಯನ್ನು ಕೊಟ್ಟ ಸ್ಥಿತಿಯಲ್ಲಿ ಬಿಟ್ಟುಕೊಟ್ಟರೆ ಆಯಿತು ಅನ್ನುತ್ತದೆ. ಶಾಶ್ವತ, ತಾತ್ಕಾಲಿಕ ಅನ್ನುವ ಗೆರೆಯನ್ನು ಅವತ್ತೇ ಎಳೆದಿದ್ದಾರೆ. ಒಂದು ಎಚ್ಚರಿಕೆ ಇದೆ. ಕರಾರಿನಲ್ಲಿ ಬೇರೆ ಬರೆದುಕೊಂಡಿದ್ದರೆ ಕರಾರೇ ನಡೆಯುತ್ತದೆ. ‘ಗೋಡೆಗೆ ಮೊಳೆ ಹೊಡೆಯಬಾರದು’ ಅನ್ನುವ ಸಾಲು ಅಂಗಡಿಯಲ್ಲಿ ಟೈಪು ಮಾಡಿಸುವ ಎಷ್ಟೋ ಕರಾರುಗಳಲ್ಲಿ ಇರುತ್ತದೆ. ಸಹಿ ಹಾಕುವ ಮುಂಚೆ ಓದಿ, ಅಲ್ಲೇ ಒಂದು ಸಾಲು ಸೇರಿಸಿ.

ಅಮೆರಿಕದಲ್ಲಿ 1988ರಿಂದ ಇದಕ್ಕೆ ನೇರ ಕಾನೂನಿದೆ. ಅಂಗವಿಕಲ ಬಾಡಿಗೆದಾರ ತನ್ನ ಖರ್ಚಿನಲ್ಲಿ, ಅಗತ್ಯವಾದ ಬದಲಾವಣೆ ಮಾಡಿಕೊಳ್ಳುತ್ತೇನೆ ಅಂದರೆ ಓನರ್ ತಡೆಯುವ ಹಾಗಿಲ್ಲ. ಬಿಡುವಾಗ ಮೊದಲಿನಂತೆ ಮಾಡಿಕೊಡಿ ಅಂತ ಕೇಳಬಹುದು. ನಿಯಮದಲ್ಲಿ ಕೊಟ್ಟಿರುವ ಉದಾಹರಣೆಗಳು ಬಾತ್‌ರೂಂನವೇ. ಹಿಡಿಕೆ ತೆಗೆಯಿರಿ ಅಂತ ಕೇಳುವುದು ಸರಿ. ಹಿಡಿಕೆಗಾಗಿ ಗೋಡೆಯೊಳಗೆ ಕೊಟ್ಟ ಬಲವನ್ನು ಕಿತ್ತುಹಾಕಿ ಅಂತ ಕೇಳುವುದು ಸರಿಯಲ್ಲ, ಅದರಿಂದ ಮುಂದಿನವರಿಗೆ ತೊಂದರೆ ಇಲ್ಲವಲ್ಲ. ಅಗಲ ಮಾಡಿದ ಬಾಗಿಲನ್ನು ಮತ್ತೆ ಕಿರಿದು ಮಾಡಿ ಅಂತಲೂ ಸಾಮಾನ್ಯವಾಗಿ ಕೇಳುವ ಹಾಗಿಲ್ಲ. ಇಂಥ ನಾಲ್ಕು ಸಾಲು ನಮ್ಮ ಬಾಡಿಗೆ ಕಾನೂನಿಗೂ ಬೇಕು. ಸರ್ಕಾರಕ್ಕೆ ಇದರಲ್ಲಿ ನಯಾಪೈಸೆ ಖರ್ಚಿಲ್ಲ.

ಅಂಥ ಕಾನೂನು ಬರುವವರೆಗೆ ಮಾತಿನಲ್ಲೇ ಗೆಲ್ಲಬೇಕು. ಗಾಲಿಕುರ್ಚಿ ನೋಡಿದ ಕೂಡಲೇ ‘ಮನೆ ಬೇರೆಯವರಿಗೆ ಮಾತಾಗಿದೆ’ ಅನ್ನುವ ಓನರ್‌ಗಳಿದ್ದಾರೆ. ಅವರನ್ನು ಒಲಿಸಿಕೊಂಡು ಒಳಗೆ ಸೇರುವುದಕ್ಕಿಂತ ಬೇರೆ ಮನೆ ನೋಡುವುದೇ ನೆಮ್ಮದಿ. ಉಳಿದ ಹೆಚ್ಚಿನವರಿಗೆ ಇರುವುದು ಸೋರಿಕೆಯ ಭಯ. ಬಾತ್‌ರೂಂ ನೆಲ ಮುಟ್ಟಿದರೆ ವಾಟರ್‌ಪ್ರೂಫಿಂಗ್ ಹೋಗಿ ಕೆಳಗಿನ ಮನೆಗೆ ತೊಟ್ಟಿಕ್ಕುತ್ತದೆ ಅಂತ. ಆ ಭಯ ಸುಳ್ಳಲ್ಲ. ಹಾಗಾಗಿ ಮಾತು ಶುರು ಮಾಡುವಾಗಲೇ ‘ನೆಲಕ್ಕೆ ಒಂದು ತೂತೂ ಹಾಕಲ್ಲ ಸಾರ್’ ಅನ್ನಿ. ಗೋಡೆಯಲ್ಲಿ ಇಂಥ ಕಡೆ, ಇಷ್ಟು ತೂತು ಅಂತ ಕಾಗದದಲ್ಲಿ ಗೆರೆ ಎಳೆದು ತೋರಿಸಿ. ಟೈಲಿನ ನಡುವೆ ಬೇಡ, ಸಂದಿನಲ್ಲಿ ಹಾಕಿಸುತ್ತೇವೆ, ಬಿಡುವಾಗ ಮುಚ್ಚಿಕೊಡುತ್ತೇವೆ ಅನ್ನಿ. ಕೆಲಸಕ್ಕೆ ಮುಂಚೆ ಫೋಟೋ ತೆಗೆದು ಅವರ ವಾಟ್ಸಾಪಿಗೆ ಕಳಿಸಿ. ಅವರು ‘ಸರಿ’ ಅಂತ ಒಂದು ಉತ್ತರ ಹಾಕಿದರೆ ಅಡ್ವಾನ್ಸ್ ವಾಪಸ್ ಕೇಳುವ ದಿನ ಕೆಲಸಕ್ಕೆ ಬರುತ್ತದೆ.

ದುಡ್ಡಿನ ಮಾತು ಚಿಕ್ಕದು. ಸಾದಾ ಕಮೋಡ್ ಸ್ಟೂಲ್ ಒಂದೆರಡು ಸಾವಿರಕ್ಕೆ ಸಿಗುತ್ತದೆ. ಚಕ್ರದ, ಮೆತ್ತೆಯ ಕುರ್ಚಿಗೆ ಅದರ ಕೆಲವು ಪಟ್ಟು. ಮನೆ ಕಟ್ಟುವ ಯೋಜನೆಗಳು ಜಾಗ ಇದ್ದವರಿಗೆ. ಸಾಧನ ಕೊಡುವ ಯೋಜನೆಗಳಿಗೆ ಸ್ವಂತ ಮನೆ ಇರಬೇಕೆಂದಿಲ್ಲ, ಬಾಡಿಗೆಯವರು ಇದನ್ನು ಗಮನಿಸಬೇಕು. ಕೇಂದ್ರದ ಅಡಿಪ್ ಯೋಜನೆ ಇದೆ, ಅದರ ಸಾಧನಗಳನ್ನು ಹೆಚ್ಚಾಗಿ ಕಾನ್ಪುರದ ಸರ್ಕಾರಿ ಕಂಪನಿ ಅಲಿಮ್ಕೊ ತಯಾರಿಸುತ್ತದೆ. ಬಡ ಹಿರಿಯರಿಗೆ 2017ರಿಂದ ವಯೋಶ್ರೀ ಯೋಜನೆ ಇದೆ. ಅಂಗವಿಕಲರಿಗೆ ಯೋಜನೆಗಳನ್ನು ತಲುಪಿಸೋಕೆ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ, ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯೂ ಅನ್ನುತ್ತಾರೆ, ಅವರನ್ನು ಹಿಡಿಯಿರಿ. ಅಂಗವಿಕಲರ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್ ಕೈಯಲ್ಲಿರಲಿ. ಬೆಂಗಳೂರಿನಲ್ಲಿದ್ದರೆ 1959ರಿಂದ ಇರುವ ಲಿಂಗರಾಜಪುರದ ಎಪಿಡಿ, ಜೆ.ಪಿ. ನಗರದ ಮೊಬಿಲಿಟಿ ಇಂಡಿಯಾ, ಅಂಗವಿಕಲರಿಗಾಗಿ ಕೆಲಸ ಮಾಡುವ ಈ ಸಂಸ್ಥೆಗಳ ಕಡೆ ಹೋಗಿ ವಿಚಾರಿಸಿ. ನೋಡದೆ, ಕೂತು ಪರೀಕ್ಷಿಸದೆ ಆನ್‌ಲೈನ್‌ನಲ್ಲಿ ತರಿಸಬೇಡಿ.

ನನ್ನ ಮಾತು ಇಷ್ಟು. ಇನ್ನು ನೀವು ಕೇಳಿ.

ಒಬ್ಬರು ಅಮ್ಮ ಕೇಳಿದರು: ನಮ್ಮ ಯಜಮಾನರಿಗೆ ಸ್ಟ್ರೋಕ್ ಆಗಿದೆ. ಮನೆಯಲ್ಲಿರೋದು ಇಂಡಿಯನ್ ಟಾಯ್ಲೆಟ್. ಏನು ಮಾಡೋದು?

ಅಮ್ಮಾ, ಅದರ ಮೇಲೆಯೇ ನಿಲ್ಲಿಸುವ ಕಮೋಡ್ ಸ್ಟೂಲ್ ತನ್ನಿ. ನಿಮ್ಮಲ್ಲಿ ಬೇಸಿನ್ ಒಂದು ಕಟ್ಟೆಯ ಮೇಲಿದ್ದರೆ ಸ್ಟೂಲಿನ ನಾಲ್ಕು ಕಾಲೂ ಕಟ್ಟೆಯ ಮೇಲೇ ಕೂರಬೇಕು. ಎರಡು ಕಾಲು ಮೇಲೆ, ಎರಡು ಕೆಳಗೆ ಆದರೆ ಅದು ಮಗುಚುತ್ತದೆ. ಕಟ್ಟೆ ಚಿಕ್ಕದಾಗಿ ನಾಲ್ಕೂ ಕೂರದಿದ್ದರೆ, ಮುಂದಿನ ಕಾಲುಗಳನ್ನು ಕೆಳಗಿನ ನೆಲಕ್ಕೆ ಸರಿಯಾಗಿ ತಾಗುವಷ್ಟು ವೆಲ್ಡಿಂಗ್ ಅಂಗಡಿಯಲ್ಲಿ ಉದ್ದ ಮಾಡಿಸಿ. ಸೀಟಿನ ಕೆಳಗೆ ಕೊಳವೆಯಂಥ ಪ್ಲಾಸ್ಟಿಕ್ ಬರುತ್ತದೆ, ಅದನ್ನು ಬಿಡಬೇಡಿ, ಇಲ್ಲದಿದ್ದರೆ ಸುತ್ತ ಸಿಡಿದು ತೊಳೆಯುವ ಕೆಲಸ ನಿಮಗೇ. ತೋಳು ಇರುವ ಸ್ಟೂಲೇ ಇರಲಿ. ಕಾಲಿನ ರಬ್ಬರ್ ಸವೆದಿದೆಯಾ ಅಂತ ಆಗಾಗ ತಿರುಗಿಸಿ ನೋಡಿ.

ಒಬ್ಬ ಯುವಕ: ಮೇಡಂ, ನಾನಿರೋದು ಪಿಜಿಯಲ್ಲಿ. ಬಾತ್‌ರೂಂ ಎಲ್ಲರಿಗೂ ಸೇರಿದ್ದು. ಬಾಗಿಲು ತೆಗೀರಿ ಅಂತ ಹೇಳೋಕಾಗಲ್ಲ.

ಆಗಲ್ಲ, ನಿಜ. ನಿಮಗೆ ಮಡಚುವ ಸ್ನಾನದ ಕುರ್ಚಿ ಬೇಕು, ರೂಮಿನಲ್ಲಿ ಮಂಚದ ಪಕ್ಕ ನಿಲ್ಲಬೇಕು. ಚಕ್ರದ್ದೇ ಬೇಕಾದರೆ ಬಿಚ್ಚಿ ಜೋಡಿಸುವಂಥದ್ದು ನೋಡಿ. ಪಿಜಿ ನಡೆಸುವವರ ಹತ್ತಿರ ಎರಡು ಕೇಳಿ. ಒಂದು, ಬೆಳಗಿನ ನೂಕುನುಗ್ಗಲಿಗೆ ಮುಂಚೆ ನಿಮಗೆ ಒಂದು ಗಂಟೆ. ಇನ್ನೊಂದು, ಸಾಲಿನಲ್ಲಿ ಎದುರು ಕಮೋಡ್ ಇರುವ ಬಾತ್‌ರೂಂ. ಮುಖಕ್ಕೆ ಹೇಳೋದಕ್ಕಿಂತ ಮೆಸೇಜು ಹಾಕಿ, ಕೆಲಸದವರಿಗೂ ತಿಳಿಯುತ್ತದೆ.

ಹಿರಿಯ ನಾಗರಿಕರೊಬ್ಬರು: ಹಿಡಿಕೆ ತೆಗೆದ ಮೇಲೆ ತೂತು ಹೇಗೆ ಮುಚ್ಚೋದು? ನಮ್ಮ ಹಿಂದಿನ ಓನರ್ ಅದಕ್ಕೆ ಅಂತ ದುಡ್ಡು ಹಿಡಿದುಕೊಂಡರು.

ಪ್ಲಾಸ್ಟಿಕ್ ಗಿಟಕನ್ನು ಪೂರ್ತಿ ಎಳೆದು ತೆಗೆಯಿರಿ ಸಾರ್, ಒಳಗೆ ಮುರಿದು ಬಿಡಬೇಡಿ. ಧೂಳು ಊದಿ, ನೀರು ಚಿಮುಕಿಸಿ, ಸಂದಿಗೆ ಹಾಕುವ ಗ್ರೌಟನ್ನು ಗಟ್ಟಿಯಾಗಿ ಕಲಸಿ ತುಂಬಿ. ಟೈಲ್ ಬಣ್ಣದ ಗ್ರೌಟ್ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಜಿ ಪ್ಯಾಕೆಟಿನಲ್ಲಿ ಸಿಗುತ್ತದೆ. ಸಂದಿನಲ್ಲೇ ತೂತು ಹಾಕಿಸಿದ್ದರೆ ಗುರುತೂ ಉಳಿಯಲ್ಲ. ಸಾಮಾನು ಸಾಗಿಸುವ ದಿನ ಈ ಕೆಲಸ ಇಟ್ಟುಕೊಳ್ಳಬೇಡಿ, ಒಂದು ವಾರ ಮುಂಚೆಯೇ ಮುಗಿಸಿ. ಓನರ್ ನೋಡೋಕೆ ಬಂದಾಗ ಗೋಡೆ ಒಣಗಿರಬೇಕು. ಮೊದಲಿನ ಫೋಟೋ ಪಕ್ಕದಲ್ಲಿ ಹಿಡಿದು ತೋರಿಸಿ, ಆಮೇಲೆ ಬೀಗದ ಕೈ ಕೊಡಿ.